ಮೀಟರ್ 20 ತೋರಿಸಿದರೂ ಸೋರ್ಸ್ ಏಕೆ ಹೋಯಿತು

ಸರ್, ಹಿತ್ತಾಳೆ ತಂಬಿಗೆಗೆ ಹೆಸರು ಹಾಕುವಾಗ ನಿಮ್ಮ 20 ವ್ಯಾಟ್ ಫೈಬರ್ ಲೇಸರ್ ಇದ್ದಕ್ಕಿದ್ದಂತೆ ಮಂಕಾಯಿತು, ಪವರ್ ಮೀಟರ್ ಎಂದೂ 20 ದಾಟಿರಲಿಲ್ಲ, ಚಿಕ್ಕಮಗಳೂರಿನ ಮಳೆಗಾಲದ ಕರೆಂಟೇ ಕಾರಣವೇ ಎಂದು ಕೇಳಿದ್ದೀರಿ. ಕರೆಂಟಿನ ಮೇಲೆ ಅಪವಾದ ಹೊರಿಸುವುದು ಸುಲಭ. ಹಾಸನದ ನನ್ನ ಅಂಗಡಿಯಲ್ಲಿ ಮೊದಲ ಸೋರ್ಸ್, ಅಂದರೆ ಯಂತ್ರದಲ್ಲಿ ಲೇಸರ್ ಬೆಳಕು ಹುಟ್ಟಿಸುವ ಭಾಗ, ಕೆಟ್ಟಾಗ ನಾನೂ ಸ್ಟೆಬಿಲೈಸರ್ ಬದಲಿಸಿ ಸುಮ್ಮನಾಗಿದ್ದೆ. ಎರಡನೆಯದೂ ಹಿತ್ತಾಳೆಯ ಮೇಲೆಯೇ ಹೋದಾಗ ಬುದ್ಧಿ ಬಂತು.

ಮೀಟರ್ ತೋರಿಸುವುದು ಸರಾಸರಿಯನ್ನು ಮಾತ್ರ. ಕೆರೆಯ ತೂಬು ಮುಚ್ಚಿ, ನೀರು ತುಂಬಿದ ಮೇಲೆ ಒಮ್ಮೆಲೇ ತೆಗೆದಂತೆ ನಮ್ಮ ಯಂತ್ರ ಬೆಳಕನ್ನು ಪಲ್ಸ್ ಪಲ್ಸ್ ಆಗಿ ಬಿಡುತ್ತದೆ. ಸೆಕೆಂಡಿಗೆ 20,000 ಪಲ್ಸ್ ಇಟ್ಟರೆ ಒಂದೊಂದರಲ್ಲಿ 1 ಮಿಲಿಜೌಲ್. ಅದು ಸುಮಾರು 100 ನ್ಯಾನೊಸೆಕೆಂಡಿನಲ್ಲಿ ಖಾಲಿಯಾದರೆ ಆ ಕ್ಷಣದ ಶಕ್ತಿ 10 ಕಿಲೋವ್ಯಾಟ್. ತೋಟಕ್ಕೆ ಸ್ಪ್ರಿಂಕ್ಲರ್ ಓಡಿಸುವ 13 ಎಚ್‌ಪಿ ಮೋಟರಿನಷ್ಟು ಶಕ್ತಿ, ಅದೂ ಫೈಬರ್ ಎಂಬ, ಕೂದಲಿಗಿಂತ ತೆಳುವಾದ ಗಾಜಿನ ಎಳೆಯೊಳಗೆ!

ಅಷ್ಟು ಬೆಳಕಿಗೆ ಗಾಜು ಸುಮ್ಮನೆ ದಾರಿ ಬಿಡುವುದಿಲ್ಲ. ಬೆಳಕಿನ ತೀವ್ರತೆಯೊಂದಿಗೆ ಗಾಜಿನ ವಕ್ರೀಭವನ ಸೂಚ್ಯಂಕವೂ, ಅಂದರೆ ಬೆಳಕನ್ನು ಬಾಗಿಸುವ ಗುಣವೂ, ಏರುತ್ತದೆ. ಬೆಳಕು ಗಾಜಿನಲ್ಲಿ ಶಬ್ದದ ಅಲೆಯನ್ನೂ ಎಬ್ಬಿಸುತ್ತದೆ, ಆ ಅಲೆ ಕನ್ನಡಿಯಾಗಿ ಬೆಳಕನ್ನು ಹಿಂದಕ್ಕೆ ಕಳುಹಿಸುತ್ತದೆ. ಬ್ರಿಲ್ವಾನ್ ಚದುರುವಿಕೆ ಎಂದರೆ ಇದೇ. ಇಲ್ಲಿ ಲೆಕ್ಕ ನೇರವಾಗಿ ನಡೆಯುವುದಿಲ್ಲ. ಒಮ್ಮೊಮ್ಮೆ ಒಂದು ಪಲ್ಸ್ ಉಳಿದವುಗಳನ್ನು ಮೀರಿ ಏಳುತ್ತದೆ. ಸಮುದ್ರದಲ್ಲೂ ಹೀಗಾಗುವುದುಂಟು. 1995ರ ಜನವರಿ 1ರಂದು ಉತ್ತರ ಸಮುದ್ರದ ಡ್ರಾಪ್ನರ್ ಎಂಬ ಅನಿಲ ವೇದಿಕೆಯಲ್ಲಿ, ಸುತ್ತ ಸುಮಾರು 12 ಮೀಟರ್ ಅಲೆಗಳಿದ್ದಾಗ, 25.6 ಮೀಟರಿನ ಒಂದೇ ಒಂದು ಅಲೆ ದಾಖಲಾಯಿತು. 2007ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬೆಳಕಿನಲ್ಲೂ ಇಂಥ ರಾಕ್ಷಸ ಅಲೆಗಳನ್ನು ಆಪ್ಟಿಕಲ್ ಫೈಬರ್‌ನಲ್ಲಿ ಅಳೆದು ತೋರಿಸಿದರು. ಆಮೇಲೆ ಫೈಬರ್ ಲೇಸರ್‌ಗಳಲ್ಲೂ ಅವು ಕಂಡವು. ನಿಧಾನದ ನಮ್ಮ ಮೀಟರಿಗೆ ಅವು ಸಿಗುವುದಿಲ್ಲ. ವೇಗದ ಫೋಟೊಡಯೋಡ್ ಮತ್ತು ಆಸಿಲೋಸ್ಕೋಪ್ ಬೇಕು.

ಹಿತ್ತಾಳೆಯ ತಂಟೆ ಹೊಳಪಿನದು. ನೇರ ಬಿದ್ದ ಬೆಳಕು ಬಂದ ದಾರಿಯಲ್ಲೇ ಫೈಬರಿಗೆ ಮರಳುತ್ತದೆ. ಬೆಳಕು ಹಿಗ್ಗಿಸಲೆಂದೇ ಆ ಗಾಜಿಗೆ ಬೆರೆಸಿದ ಯಿಟರ್ಬಿಯಂ ಎಂಬ ಲೋಹಕ್ಕೆ ಹೋಗುವ ಬೆಳಕು, ಬರುವ ಬೆಳಕು ಎಂಬ ಭೇದವಿಲ್ಲ, ಎರಡನ್ನೂ ಹಿಗ್ಗಿಸುತ್ತದೆ. ಹಾಗೆ ಹಿಗ್ಗಿ ಮರಳಿದ ಬೆಳಕು ಸೋರ್ಸನ್ನೇ ಕೆಡಿಸಬಲ್ಲದು. ನಿಮ್ಮದಕ್ಕೂ ಆಗಿರುವುದು ಇದೇ ಎಂದು ನನ್ನ ಅನುಮಾನ.

ಈಗ ನಾನು ತಂಬಿಗೆಯನ್ನು ಅಡ್ಡ ಮಲಗಿಸಿ, ಬುಡದ ಕೆಳಗೆ ಮಡಿಸಿದ ರಟ್ಟು ತುರುಕಿ ಕೆಲವು ಡಿಗ್ರಿ ಓರೆ ಮಾಡುತ್ತೇನೆ, ಲೆನ್ಸಿನ ನಟ್ಟನಡುವೆ ಇಡುವುದಿಲ್ಲ. ಓರೆಯಲ್ಲಿ ಉದ್ದನೆಯ ಹೆಸರಿನ ಕೊನೆಯ ಅಕ್ಷರ ಫೋಕಸ್ ತಪ್ಪಿ ಮಸುಕಾಗುತ್ತದೆ. ಗೃಹಪ್ರವೇಶದವರಿಗೆ ಗಂಡ ಹೆಂಡತಿ ಇಬ್ಬರ ಹೆಸರೂ ಬೇಕಲ್ಲ, ಎರಡು ಸಾಲು ಮಾಡಿ. ಫ್ರೀಕ್ವೆನ್ಸಿಯನ್ನು, ಅಂದರೆ ಸೆಕೆಂಡಿಗೆ ಬಿಡುವ ಪಲ್ಸ್‌ಗಳ ಲೆಕ್ಕವನ್ನು, ಕೈಪಿಡಿಯ ಕನಿಷ್ಠಕ್ಕಿಂತ ಇಳಿಸಬೇಡಿ. ಹೊಸ ಸೋರ್ಸ್ ಕೊಳ್ಳುವಾಗ, ಮರಳಿ ಬರುವ ಬೆಳಕನ್ನು ತಡೆಯುವ ಐಸೊಲೇಟರ್ ಇದೆಯೇ ಎಂದು ಕೇಳಿ. ಪಾರದರ್ಶಕ ಅಕ್ರಿಲಿಕ್ ಮುಚ್ಚಳ ಈ ಬೆಳಕನ್ನು ತಡೆಯುವುದಿಲ್ಲ, ಕಣ್ಣಿಗೆ ಈ ಲೇಸರಿನ ತರಂಗಾಂತರವಾದ 1064 ನ್ಯಾನೊಮೀಟರಿಗೆಂದೇ ಮಾಡಿದ ಕನ್ನಡಕವೇ ಬೇಕು.

ಸೋರ್ಸ್ ಬಿಚ್ಚಿಸುವ ಮೊದಲು ಲೆನ್ಸ್ ಒರೆಸಿ, ಸ್ಟೀಲ್ ತುಂಡಿನ ಮೇಲೊಂದು ಚೌಕ ಹೊಡೆದು ಫೋಟೊ ಹಾಕಿ. ಬರಿಯ ಧೂಳಾಗಿದ್ದರೆ ನಿಮ್ಮ ದುಡ್ಡು ಉಳಿಯಿತು.