ಗ್ಯಾರೇಜ್ ಪ್ರಶ್ನೋತ್ತರ: ಹಳೇ ಎಂಜಿಬಿಗೆ ಯಾವ ಆಯಿಲ್?

ಪ್ರಶ್ನೆ: ನಮ್ಮಲ್ಲಿ 1970ರ ಎಂಜಿಬಿ ರೋಡ್‌ಸ್ಟರ್ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಇದೆ. ವಾರಕ್ಕೊಮ್ಮೆ ಹೊರಗೆ ತೆಗೆಯುತ್ತೇನೆ. ಅಂಗಡಿಯವರು ಫುಲ್ ಸಿಂಥೆಟಿಕ್ 5ಡಬ್ಲ್ಯು-30 ಹಾಕಿ, ದುಬಾರಿಯಾದರೂ ಎಂಜಿನ್‌ಗೆ ಒಳ್ಳೆಯದು ಎನ್ನುತ್ತಾರೆ. ಮೆಕ್ಯಾನಿಕ್ 20ಡಬ್ಲ್ಯು-50 ಬಿಟ್ಟು ಬೇರೇನೂ ಬೇಡ ಎನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗರು, ಬೆಂಗಳೂರು

ಉತ್ತರ: ಮೆಕ್ಯಾನಿಕ್ ಮಾತು ಕೇಳಿ. ಅಂಗಡಿಯವರು ಕೊಡುತ್ತಿರುವುದು ಕೆಟ್ಟ ಆಯಿಲ್ ಅಲ್ಲ, ಬೇರೆ ಎಂಜಿನ್‌ನ ಆಯಿಲ್.

ಡಬ್ಲ್ಯುಗಿಂತ ಮೊದಲು ಬರುವ ಅಂಕಿ ಚಳಿಯಲ್ಲಿ ಸ್ಟಾರ್ಟ್ ಮಾಡುವುದಕ್ಕೆ ಸಂಬಂಧಿಸಿದ್ದು. ಬೆಂಗಳೂರಿನ ಡಿಸೆಂಬರ್ ಬೆಳಗಿಗೆ 20 ಧಾರಾಳ ಸಾಕು. ನಿಮಗೆ ಮುಖ್ಯವಾದದ್ದು ಎರಡನೆಯ ಅಂಕಿ. 100 ಡಿಗ್ರಿ ಬಿಸಿಯಲ್ಲಿ 30ರ ಆಯಿಲ್ 9.3ರಿಂದ 12.5 ಸೆಂಟಿಸ್ಟೋಕ್‌ನಷ್ಟು (ಆಯಿಲ್ ಎಷ್ಟು ಮಂದ ಎಂದು ಅಳೆಯುವ ಮಾನ) ಮಾತ್ರ ಮಂದವಿರುತ್ತದೆ, 50ರದ್ದು 16.3ಕ್ಕಿಂತ ಕಡಿಮೆ ಇರುವಂತಿಲ್ಲ. ಎಂಜಿಬಿಯ 1798 ಸಿಸಿ ಎಂಜಿನ್‌ನ ಬೇರಿಂಗ್ ಸಂದುಗಳು ಈಗಿನ ಕಾರುಗಳಿಗಿಂತ ಸಡಿಲ. ತೆಳು ಆಯಿಲ್ ಅಲ್ಲಿಂದ ಬೇಗ ಜಾರಿಹೋಗಿ ಪ್ರೆಶರ್ ಬೀಳುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಓಡುವಾಗ ಆಯಿಲ್ ಪ್ರೆಶರ್ ಗೇಜ್ 50ರಿಂದ 80 ಪಿಎಸ್‌ಐ, ಐಡ್ಲಿಂಗ್‌ನಲ್ಲಿ 10ರಿಂದ 25 ತೋರಿಸಬೇಕು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಅರ್ಧ ಗಂಟೆ ನಿಂತಾಗ ಐಡ್ಲಿಂಗ್‌ನ ಅಂಕಿ ಎಷ್ಟಕ್ಕಿಳಿಯುತ್ತದೆ ನೋಡಿ, ಆಯಿಲ್‌ನ ಯೋಗ್ಯತೆ ಅಲ್ಲೇ ಗೊತ್ತಾಗುತ್ತದೆ. ಹೊಸ 20ಡಬ್ಲ್ಯು-50 ಹಾಕಿದ ಮೇಲೂ ಓಟದಲ್ಲಿ 40 ದಾಟದಿದ್ದರೆ ಇನ್ನೂ ಗಟ್ಟಿ ಆಯಿಲ್ ಹುಡುಕಬೇಡಿ. ಮೊದಲು ಗೇಜ್, ನಂತರ ಹೆಚ್ಚಾದ ಪ್ರೆಶರ್ ಬಿಡುವ ರಿಲೀಫ್ ವಾಲ್ವ್‌ನ ಸ್ಪ್ರಿಂಗ್, ಕೊನೆಗೆ ಬೇರಿಂಗ್ ಪರೀಕ್ಷಿಸಿ.

ಮಂದಕ್ಕಿಂತ ದೊಡ್ಡ ವಿಷಯ ಸತುವಿನದು. ಈ ಎಂಜಿನ್‌ನಲ್ಲಿ ವಾಲ್ವ್ ತೆರೆಸುವ ಕ್ಯಾಮ್‌ನ ಉಬ್ಬು, ಅದರ ತಳ್ಳನ್ನು ವಾಲ್ವ್ ಕಡೆಗೆ ಸಾಗಿಸುವ ಚಪ್ಪಟೆ ಟ್ಯಾಪೆಟ್‌ನ ಮುಖವನ್ನು ನೇರವಾಗಿ ಉಜ್ಜುತ್ತಾ ತಿರುಗುತ್ತದೆ; ನಡುವೆ ರೋಲರ್ ಇಲ್ಲ. ಆ ಒತ್ತಡದಲ್ಲಿ ಆಯಿಲ್ ಪದರ ಹರಿದಾಗ ಲೋಹಕ್ಕೆ ಲೋಹ ತಾಗದಂತೆ ಕಾಯುವುದು ಝಡ್‌ಡಿಡಿಪಿ ಎಂಬ ಸತು-ರಂಜಕದ ಸಂಯುಕ್ತ. ರಂಜಕ ಈಗಿನ ಕಾರುಗಳ ಹೊಗೆ ಶುದ್ಧಮಾಡುವ ಕೆಟಲಿಟಿಕ್ ಕನ್ವರ್ಟರನ್ನು ಹಾಳುಮಾಡುವುದರಿಂದ 5ಡಬ್ಲ್ಯು-30ರಂಥ ಈಗಿನ ತೆಳು ಆಯಿಲ್‌ಗಳಲ್ಲಿ ಅದನ್ನು 800 ಪಿಪಿಎಂಗೆ ಕಟ್ಟಿಹಾಕಿದ್ದಾರೆ. 20ಡಬ್ಲ್ಯು-50ಕ್ಕೆ ಈ ಮಿತಿ ಇಲ್ಲ. ಹಾಗೆಂದು ಎಲ್ಲ ಡಬ್ಬದಲ್ಲೂ ಹೆಚ್ಚಿರುತ್ತದೆ ಎಂದೇನಿಲ್ಲ. ತಯಾರಕರ ಡೇಟಾ ಶೀಟ್‌ನಲ್ಲಿ ಸತು 1000ರಿಂದ 1400 ಪಿಪಿಎಂ ಇದೆಯೇ ನೋಡಿಕೊಳ್ಳಿ. ಸತು ಸಾಲದೆ ಕ್ಯಾಮ್ ಸವೆದರೆ ಟ್ಯಾಪೆಟ್ ಸಂದು 0.015 ಇಂಚಿಗೆ ಸರಿಮಾಡಿದರೂ ಟಕಟಕ ಸದ್ದು ನಿಲ್ಲುವುದಿಲ್ಲ. ಟ್ಯಾಪೆಟ್ ಹೊರತೆಗೆದು ಬೆಳಕಿಗೆ ಹಿಡಿದರೆ ನುಣುಪಾಗಿರಬೇಕಾದ ಮುಖದಲ್ಲಿ ಸೂಜಿ ಚುಚ್ಚಿದಂಥ ಗುಳಿಗಳು ಕಾಣುತ್ತವೆ. ಅಷ್ಟಾದ ಮೇಲೆ ಆಯಿಲ್ ಬದಲಿಸಿ ಪ್ರಯೋಜನವಿಲ್ಲ. ಕ್ಯಾಮ್, ಟ್ಯಾಪೆಟ್ ಎರಡೂ ಒಟ್ಟಿಗೇ ಹೊಸದಾಗಬೇಕು.

ಅಂಗಡಿಯಲ್ಲಿ 20ಡಬ್ಲ್ಯು-50 ಕೇಳಿದರೆ ಬುಲೆಟ್ ಬೈಕಿನ ಡಬ್ಬ ಕೊಟ್ಟಾರು. ಹಿಂಜರಿಯಬೇಡಿ. ಜಾಸೋ ಎಂಎ (ಜಪಾನಿನ ಬೈಕ್ ಆಯಿಲ್ ಮಾನದಂಡ) ಗುರುತಿನ ಆಯಿಲ್‌ನಲ್ಲಿ ರಂಜಕ 800ರಿಂದ 1200 ಪಿಪಿಎಂ ಇರಲೇಬೇಕು, ಹಾಗಾಗಿ ಸತುವೂ ತಕ್ಕಮಟ್ಟಿಗೆ ಇರುತ್ತದೆ. ಅದೂ ಸಿಗದಿದ್ದರೆ ಡೀಸೆಲ್‌ನವರ 15ಡಬ್ಲ್ಯು-40, ಸಿಐ-4 ದರ್ಜೆಯದು ನಡೆಯುತ್ತದೆ. ಆದರೆ ಅದರಲ್ಲಿ ತೊಳೆಯುವ ಗುಣ ಜಾಸ್ತಿ. ವರ್ಷಗಟ್ಟಲೆ ಗಸಿ ಕಟ್ಟಿದ ಎಂಜಿನ್‌ಗೆ ಹಾಕಿದರೆ ಟ್ಯಾಪೆಟ್ ಕವರ್‌ನ ಕಾರ್ಕ್ ಗ್ಯಾಸ್ಕೆಟ್‌ನಿಂದ ಜಿನುಗಲು ಶುರುವಾಗಬಹುದು. ಸಿಂಥೆಟಿಕ್ ಹಾಕಿದ ಮೇಲೆ ಲೀಕ್ ಬಂತು ಎನ್ನುವವರದೂ ಎಷ್ಟೋ ಸಲ ಇದೇ ಕಥೆ: ಬಿರುಕು ಮೊದಲೇ ಇತ್ತು, ಮುಚ್ಚಿಕೊಂಡಿದ್ದ ಗಸಿ ತೊಳೆದುಹೋಯಿತು.

ಬದಲಿಸುವಾಗ ಎಂಜಿನ್ ಬೆಚ್ಚಗಿರಲಿ. ಡ್ರೇನ್ ಪ್ಲಗ್‌ಗೆ ಹೊಸ ತಾಮ್ರದ ವಾಷರ್ ಹಾಕಿ. ಹಳೇ ಫಿಲ್ಟರ್‌ನ ರಬ್ಬರ್ ರಿಂಗ್ ಅದರ ಜೊತೆಗೇ ಬಂತೇ ಎಂದು ಬೆರಳಾಡಿಸಿ ನೋಡಿ. ಅಲ್ಲೇ ಅಂಟಿಕೊಂಡಿದ್ದು ಅದರ ಮೇಲೆ ಹೊಸ ರಿಂಗ್ ಕೂತರೆ ಸ್ಟಾರ್ಟ್ ಮಾಡಿದ ಕ್ಷಣಕ್ಕೇ ಆಯಿಲ್ ಚಿಮ್ಮುತ್ತದೆ. ಕೆಲವು ಎಂಜಿಬಿಗಳಲ್ಲಿ ಫಿಲ್ಟರ್ ತಲೆಕೆಳಗಾಗಿ ಕೂತಿರುತ್ತದೆ. ಅಂಥದಕ್ಕೆ ಹಿಂದಕ್ಕೆ ಸುರಿಯದಂತೆ ತಡೆಯುವ ವಾಲ್ವ್ ಇರುವ ಫಿಲ್ಟರೇ ಬೇಕು, ಇಲ್ಲವಾದರೆ ದಿನಾ ಬೆಳಗ್ಗೆ ಮೊದಲ ಕೆಲವು ಸೆಕೆಂಡ್ ಬೇರಿಂಗ್‌ಗಳು ಒಣ ಓಟ ಓಡುತ್ತವೆ. ಒಟ್ಟು ಹಿಡಿಯುವುದು ಸುಮಾರು ನಾಲ್ಕೂಕಾಲು ಲೀಟರ್, ಆಯಿಲ್ ಕೂಲರ್ ಖಾಲಿಯಾಗಿದ್ದರೆ ಇನ್ನಷ್ಟು. ಮೂರೂವರೆ ಹಾಕಿ, ಉಳಿದದ್ದನ್ನು ಡಿಪ್‌ಸ್ಟಿಕ್ ನೋಡುತ್ತಾ ತುಂಬಿ. ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಖಾಲಿಮಾಡಿ ಕಾರನ್ನು ದಿನಗಟ್ಟಲೆ ಬಿಡಬೇಡಿ, ಪಂಪ್ ಗಾಳಿ ಹಿಡಿದೀತು. ಹೊಸ ಆಯಿಲ್ ತುಂಬಿದ ಮೇಲೆ ಮೊದಲ ಸಲ, ಎಂಜಿನ್ ಹೊತ್ತಿಕೊಳ್ಳದಂತೆ ಇಗ್ನಿಷನ್ ಕಾಯಿಲ್‌ನ ತೆಳು ವೈರ್ ಕಳಚಿ, ಗೇಜ್ ಮೇಲೇಳುವವರೆಗೆ ಸ್ಟಾರ್ಟರ್ ತಿರುಗಿಸಿ. ಆಮೇಲೆ ವೈರ್ ಸೇರಿಸಿ. ನಿಮ್ಮಷ್ಟು ಕಡಿಮೆ ಓಡಿಸುವವರು 5000 ಕಿ.ಮೀ. ಕಾಯದೆ ವರ್ಷಕ್ಕೊಮ್ಮೆ ಬದಲಿಸಬೇಕು. ಪೂರ್ತಿ ಬಿಸಿಯಾಗದ ಎಂಜಿನ್‌ನಲ್ಲಿ ನೀರು, ಪೆಟ್ರೋಲ್ ಎರಡೂ ಆಯಿಲ್‌ಗೆ ಸೇರುತ್ತವೆ. ಡಿಪ್‌ಸ್ಟಿಕ್ ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ ಕಾರ್ಬ್ಯುರೇಟರ್ ಟ್ಯೂನಿಂಗ್ ಕಡೆಗೂ ಗಮನವಿರಲಿ.

ಪ್ರಶ್ನೆ: ಸತು ಹೆಚ್ಚಿಸುವ ಚಿಕ್ಕ ಬಾಟಲಿಗಳು ಸಿಗುತ್ತವಲ್ಲ, ಅವನ್ನು ಬೆರೆಸಿದರೆ ಹೇಗೆ?
– ಓದುಗರು, ಮೈಸೂರು

ಉತ್ತರ: ಸರಿಯಾದ ಆಯಿಲ್ ಇದ್ದರೆ ಅನಗತ್ಯ. ಅಳತೆ ಮೀರಿದ ಸತು ತಾನೇ ಸವೆತಕ್ಕೆ ಕಾರಣವಾಗಬಲ್ಲದು. ಹೊಸ ಕ್ಯಾಮ್ ಕೂರಿಸಿದಾಗ ಮಾತ್ರ ಅಸೆಂಬ್ಲಿ ಲ್ಯೂಬ್ (ಜೋಡಿಸುವಾಗ ಹಚ್ಚುವ ಗಟ್ಟಿ ಜಿಡ್ಡು) ಬಳಿದು, ಐಡ್ಲಿಂಗ್‌ಗೆ ಬಿಡದೆ 2000 ಆರ್‌ಪಿಎಂ ಆಸುಪಾಸಿನಲ್ಲಿ 20 ನಿಮಿಷ ಓಡಿಸಿ.

ಪ್ರಶ್ನೆ: ಇಂಗ್ಲೆಂಡಿನಲ್ಲಿದ್ದೇನೆ. ಓವರ್‌ಡ್ರೈವ್ (ವೇಗದ ಓಟದಲ್ಲಿ ಎಂಜಿನ್ ಸುತ್ತು ಕಡಿಮೆ ಮಾಡುವ ಹೆಚ್ಚುವರಿ ಗೇರ್) ಇರುವ ಎಂಜಿಬಿ ಜಿಟಿ. ಗೇರ್‌ಬಾಕ್ಸ್‌ಗೆ ಇಪಿ 90 ಗೇರ್ ಆಯಿಲ್ ಹಾಕಬಹುದೇ?
– ಓದುಗರು, ಲೆಸ್ಟರ್

ಉತ್ತರ: ಬೇಡ. ಇಪಿ 90 ಹಿಂದಿನ ಆ್ಯಕ್ಸಲ್‌ಗೆ ಸರಿ. ಗೇರ್‌ಬಾಕ್ಸ್‌ಗೆ ಎಂಜಿನ್‌ಗೆ ಹಾಕುವ 20ಡಬ್ಲ್ಯು-50ಯೇ ಸಾಕು. ಇಪಿಯಲ್ಲಿರುವ ಗಂಧಕ, ಗೇರ್ ಬದಲಾವಣೆ ಸಲೀಸಾಗಿಸುವ ಸಿಂಕ್ರೋ ರಿಂಗ್‌ಗಳಂಥ ಹಳದಿ ಲೋಹವನ್ನು ತಿನ್ನಬಲ್ಲದು. ಓವರ್‌ಡ್ರೈವ್ ಗೇರ್‌ಬಾಕ್ಸ್‌ನ ಆಯಿಲನ್ನೇ ಹಂಚಿಕೊಳ್ಳುತ್ತದೆ, ಅದರ ಕೋನ್ ಕ್ಲಚ್ ಹಿಡಿಯುವುದೇ ಘರ್ಷಣೆಯಿಂದ. ಜಾರುವಿಕೆ ಹೆಚ್ಚಿಸುವ ಯಾವ ಸೇರ್ಪಡೆಯನ್ನೂ ಹಾಕಬೇಡಿ. ಚಳಿಗಾಲಕ್ಕೆ ಕಾರು ನಿಲ್ಲಿಸುವುದಾದರೆ ಎಂಜಿನ್ ಆಯಿಲನ್ನು ವಸಂತದಲ್ಲಲ್ಲ, ನಿಲ್ಲಿಸುವ ಮುನ್ನವೇ ಬದಲಿಸಿ. ಹಳೇ ಆಯಿಲ್‌ನ ಆಮ್ಲ ನಾಲ್ಕು ತಿಂಗಳು ಬೇರಿಂಗ್ ಮೇಲೆ ಕೂರುವುದು ತಪ್ಪುತ್ತದೆ.