ಡಿಗ್ರಿ ಇಲ್ಲದೆ ಜಪಾನಿನಲ್ಲಿ ಕೆಲಸ, ಜೊತೆಗೆ ಐಕಿಡೊ

ಪ್ರಶ್ನೆ: ಪಿಯುಸಿಗೇ ಓದು ನಿಲ್ಲಿಸಿ ಅಪ್ಪನ ಜೊತೆ ಮೆಕ್ಕೆಜೋಳ ಬೆಳೆಯುತ್ತಿದ್ದೇನೆ. ಕರಾಟೆ ಬರುತ್ತದೆ. ಜಪಾನಿನಲ್ಲಿ ದುಡಿಯುತ್ತಾ ಅಲ್ಲಿನ ಸಮರಕಲೆ ಐಕಿಡೊ ಕಲಿಯುವ ಆಸೆ. ಡಿಗ್ರಿ ಇಲ್ಲದೆ ಆಗುತ್ತಾ?
– ಒಬ್ಬ ಓದುಗ, ದಾವಣಗೆರೆ

ಉತ್ತರ: ಆಗುತ್ತದೆ. ಇಂಗ್ಲಿಷ್ ಹೇಳಿಕೊಡುವ ಕೆಲಸಕ್ಕೆ ಸಾಮಾನ್ಯವಾಗಿ ಡಿಗ್ರಿ ಕೇಳುತ್ತಾರೆ, ಅದನ್ನು ಬಿಟ್ಟುಬಿಡಿ. ನಿಮಗೆ ಹೊಂದುವುದು 2019ರಲ್ಲಿ ಶುರುವಾದ ‘ತೊಕುತೇ ಗಿನೋ’ ಅಂದರೆ ನಿರ್ದಿಷ್ಟ ಕೌಶಲದ ಕೆಲಸದ ವೀಸಾ. 18 ತುಂಬಿರಬೇಕು, ಕೆಲಸದ್ದೊಂದು ಪರೀಕ್ಷೆ, ಜಪಾನಿ ಭಾಷೆಯದ್ದೊಂದು ಪರೀಕ್ಷೆ ಪಾಸಾಗಬೇಕು. ಭಾಷೆಗೆ ಎನ್4 ಮಟ್ಟ (ಐದು ಮಟ್ಟಗಳಲ್ಲಿ ಕೆಳಗಿನಿಂದ ಎರಡನೆಯದು) ಸಾಕು. ಬೇಸಾಯವೂ ಇದರ ಪಟ್ಟಿಯಲ್ಲಿದೆ, ನಿಮಗೆ ಗೊತ್ತಿರುವ ಕೆಲಸವೇ ಅಲ್ವಾ! ಮೊದಲ ಹಂತದಲ್ಲಿ ಒಟ್ಟು 5 ವರ್ಷದವರೆಗೆ ಇರಬಹುದು, ಆದರೆ ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ.

ಐಕಿಡೊದಂಥ ವಿದ್ಯೆ ಕಲಿಯುವವರಿಗೆಂದೇ ಸಾಂಸ್ಕೃತಿಕ ಚಟುವಟಿಕೆಯ ವೀಸಾ ಕೂಡ ಇದೆ. ಅದರಲ್ಲಿ ಸಂಬಳದ ಕೆಲಸಕ್ಕೆ ಬೇರೆ ಅನುಮತಿ ಬೇಕು, ಸಿಕ್ಕರೂ ಸಾಮಾನ್ಯವಾಗಿ ವಾರಕ್ಕೆ 28 ಗಂಟೆ ಅಷ್ಟೇ. ಉಳಿತಾಯ ಜಾಸ್ತಿ ಇದ್ದರೆ ಮಾತ್ರ ಯೋಚಿಸಿ.

ನನಗೆ ಮುಖ್ಯ ಅನಿಸುವುದು ಜಾಗದ ವಿಷಯ. ಐಕಿಡೊದ ಕೇಂದ್ರ ದೋಜೊ (ಸಮರಕಲೆ ಕಲಿಸುವ ಶಾಲೆ) ಟೋಕಿಯೊದ ಶಿಂಜುಕುವಿನಲ್ಲಿದೆ, ಬೆಳಿಗ್ಗೆ 6.30ಕ್ಕೇ ತರಗತಿ ಶುರು. ಹೊಲದ ಕೆಲಸ ಸಿಗುವುದು ಹೆಚ್ಚಾಗಿ ಹಳ್ಳಿ ಕಡೆ. ಶಿಂಜುಕುವೇ ಬೇಕು ಅಂತ ಹಟ ಬೇಡ, ಸಣ್ಣ ಊರುಗಳಲ್ಲೂ ದೋಜೊಗಳಿವೆ. ಕರಾರಿಗೆ ಸಹಿ ಹಾಕುವ ಮೊದಲೇ ಹತ್ತಿರ ಯಾವುದಿದೆ, ದಿನದ ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತದೆ, ವಾರದ ರಜೆ ಯಾವತ್ತು ಅಂತ ಬಾಯಿಬಿಟ್ಟು ಕೇಳಿ.

ಲಕ್ಷಗಟ್ಟಲೆ ಕೇಳುವ ಏಜೆಂಟರನ್ನು ನಂಬಿ ಹೊಲ ಅಡ ಇಡಬೇಡಿ, ದಯವಿಟ್ಟು. ನೋಂದಣಿ ಇರುವ ಏಜೆಂಟರ ಪಟ್ಟಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿದೆ. ಈ ತಿಂಗಳೇ ಜಪಾನಿ ಭಾಷೆಯ ಹಿರಾಗಾನ, ಕಟಕಾನ ಅಕ್ಷರ ಶುರು ಮಾಡಿ, ಕರಾಟೆ ಅಭ್ಯಾಸ ಬಿಡಬೇಡಿ.