ಕ್ಲಚ್ ಪ್ಲೇಟ್ ಒಂದೇ ಸಾಕಾ, ಪೂರ್ತಿ ಸೆಟ್ ಬೇಕಾ? ಅದಕ್ಕೂ ಮುಂಚೆ ಆಯಿಲ್ ಸೀಲ್ ನೋಡಿಸಿ

ಲೋಡ್ ಹಾಕಿದಾಗ ಟಾಪ್ ಗೇರಿನಲ್ಲಿ ಇಂಜಿನ್ ಸುಮ್ನೆ ಕೂಗುತ್ತೆ, ಪಿಕಪ್ ಗಾಡಿ ಮುಂದೆ ಎಳೆಯಲ್ಲ, ಪ್ಲೇಟ್ ಒಂದೇ ಹಾಕಿಸಿದರೆ ನಡೆಯುತ್ತಾ, ಯಾವ ಕಂಪನಿಯದು ಒಳ್ಳೆಯದು ಅಂತ ಕೇಳಿದ್ದೀರಿ. ನನ್ನ ಗಾಡಿಯೂ ಹೀಗೇ ಶುರು ಮಾಡಿತ್ತು.

ಮೆಣಸಿನಕಾಯಿ ಸೀಸನ್. ಕುಂದಗೋಳ ಕಡೆಯಿಂದ ಚೀಲ ತುಂಬಿಕೊಂಡು ಬ್ಯಾಡಗಿ ಮಾರ್ಕೆಟ್ಟಿಗೆ ಹೊಡೆಯುತ್ತಿದ್ದೆ. ಶಿಗ್ಗಾಂವಿ ದಾಟಿದ ಮೇಲೆ ಹೈವೇಯಲ್ಲಿ ಸ್ವಲ್ಪ ಏರು ಬಂದರೂ ಸಾಕು, ಇಂಜಿನ್ ಸದ್ದು ಏರುತ್ತಿತ್ತು, ಸ್ಪೀಡ್ ಇಳಿಯುತ್ತಿತ್ತು. ಕ್ಲಚ್ ಪೆಡಲ್ ಪೂರ್ತಿ ಮೇಲೆ ಬಂದ ಮೇಲೆ ಗಾಡಿ ಹಿಡಿಯುತ್ತಿತ್ತು. ಮೋಟೆಬೆನ್ನೂರಿನಲ್ಲಿ ಹೈವೇ ಬಿಟ್ಟು ಒಳಗೆ ತಿರುಗುವ ಹೊತ್ತಿಗೆ ಸುಟ್ಟ ವಾಸನೆ ಕ್ಯಾಬಿನ್ ತುಂಬಿತ್ತು.

ಹುಬ್ಬಳ್ಳಿಯಲ್ಲಿ ಗ್ಯಾರೇಜಿಗೆ ಬಿಟ್ಟೆ. ಮಿಸ್ತ್ರಿ ಗೇರ್ ಬಾಕ್ಸ್ ಇಳಿಸಿ ಕರೆದು ತೋರಿಸಿದ. ಪ್ಲೇಟಿನ ಲೈನಿಂಗ್ (ಉಜ್ಜುವ ಪದರ) ರಿವೆಟ್ ತನಕ ಸವೆದಿತ್ತು. ಅದು ನಿರೀಕ್ಷೆ ಮಾಡಿದ್ದೇ. ಆದರೆ ಬೆಲ್ ಹೌಸಿಂಗಿನ, ಅಂದರೆ ಕ್ಲಚ್ ಮುಚ್ಚುವ ಕವಚದ ಒಳಗೆ ಕಪ್ಪಗೆ ಒದ್ದೆ ಇತ್ತು. "ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋಗಿದೆ, ಫ್ಲೈವೀಲ್ ಬಿಚ್ಚಬೇಕು, ಸೀಲ್ ನಾಳೆ ತರಿಸ್ತೀನಿ" ಅಂದ. ಕ್ರ್ಯಾಂಕ್ ಶಾಫ್ಟಿನ ಹಿಂದೆ ಇಂಜಿನ್ ಆಯಿಲ್ ಹೊರಗೆ ಬರದಂತೆ ತಡೆಯುವ ಬಳೆ ಅದು. ಅಡತಿಯಿಂದ (ಮಾರ್ಕೆಟ್ಟಿನ ದಲ್ಲಾಳಿ ಅಂಗಡಿಯಿಂದ) ಫೋನ್ ಮೇಲೆ ಫೋನ್ ಬರುತ್ತಿತ್ತು. ಈಗ ಪ್ಲೇಟ್ ಹಾಕಿ ಮುಚ್ಚು, ಸೀಸನ್ ಮುಗಿದ ಮೇಲೆ ಸೀಲ್ ನೋಡೋಣ ಅಂದೆ.

ಈ ಮಾತು ಎಷ್ಟು ತಪ್ಪು ಅಂತ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನಿಮಗೂ ಅದೇ ಆಸೆ ಬರುತ್ತೆ. ಕ್ಲಚ್ ಪ್ಲೇಟ್ ಕೆಲಸ ಮಾಡುವುದೇ ಒಣ ಉಜ್ಜಾಟದ ಮೇಲೆ. ಒಂದು ಕಡೆ ಇಂಜಿನ್ ಜೊತೆ ತಿರುಗುವ ಫ್ಲೈವೀಲ್, ಇನ್ನೊಂದು ಕಡೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ನಡುವೆ ಇದು. ಹಿಂದಿನ ಸೀಲ್ ಇರುವುದು ಫ್ಲೈವೀಲಿನ ಬೆನ್ನಿಗೇ. ಅಲ್ಲಿಂದ ಜಿನುಗಿದ ಇಂಜಿನ್ ಆಯಿಲ್ ಫ್ಲೈವೀಲ್ ತಿರುಗುವಾಗ ಸಿಡಿದು ಪ್ಲೇಟಿನ ತನಕ ಬರುತ್ತೆ. ಲೈನಿಂಗ್ ಎಣ್ಣೆ ಹೀರಿಕೊಂಡರೆ ಮುಗಿಯಿತು. ಪೆಟ್ರೋಲಿನಲ್ಲಿ ತೊಳೆದರೆ ಮೇಲಿನದು ಹೋಗುತ್ತೆ, ಬಿಸಿಯಾದಾಗ ಒಳಗಿನದು ಮತ್ತೆ ಹೊರಗೆ ಬರುತ್ತೆ. ನನ್ನ ಹೊಸ ಪ್ಲೇಟ್ ಮೊದಲು ನಡುಗಲು ಶುರುವಾಯಿತು, ಫಸ್ಟ್ ಗೇರಿನಲ್ಲಿ ಬಿಟ್ಟ ಕೂಡಲೇ ಗಾಡಿ ಗಡಗಡ. ಆಮೇಲೆ ಜಾರತೊಡಗಿತು. ಅದೇ ಸೀಸನ್ನಿನಲ್ಲಿ ಅದೇ ಗೇರ್ ಬಾಕ್ಸ್ ಮತ್ತೆ ಇಳಿಯಿತು. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವುದು, ಗೇರ್ ಬಾಕ್ಸ್ ಇಳಿಸುವುದು, ಏರಿಸುವುದು, ಎಲ್ಲದರ ಮಜೂರಿ ಎರಡನೇ ಸಲ ಕೊಟ್ಟೆ. ಸೀಲಿನ ದುಡ್ಡು ಅದರ ಮುಂದೆ ಏನೂ ಅಲ್ಲ. ಅಡತಿಯವರು ಅಷ್ಟರೊಳಗೆ ಬೇರೆ ಗಾಡಿ ನೋಡಿಕೊಂಡಿದ್ದರು. ಆ ಬಾಡಿಗೆ ವಾಪಸ್ ಬರಲಿಲ್ಲ.

ಹಾಗಾಗಿ ಪ್ಲೇಟಾ ಸೆಟ್ಟಾ ಅನ್ನುವುದು ಎರಡನೇ ಪ್ರಶ್ನೆ. ಯಾಕೆ ಸವೆಯಿತು ಅನ್ನುವುದು ಮೊದಲನೆಯದು. ರಾತ್ರಿ ಗಾಡಿ ನಿಲ್ಲಿಸುವ ಕಡೆ ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ, ಕೆಳಗೆ ಒಂದು ರಟ್ಟು ಹಾಸಿ. ಬೆಳಿಗ್ಗೆ ಹನಿ ಬಿದ್ದಿದ್ದರೆ ಮೂಸಿ ನೋಡಿ. ಕಪ್ಪಗಿದ್ದರೆ ಇಂಜಿನ್ ಆಯಿಲ್. ದಪ್ಪಗಿದ್ದು ಗಂಧಕದ ಥರ ಘಾಟು ಇದ್ದರೆ ಗೇರ್ ಆಯಿಲ್, ಅಂದರೆ ಹೋಗಿದ್ದು ಕ್ಲಚ್ಚಿನಿಂದ ಗೇರ್ ಬಾಕ್ಸಿಗೆ ಹೋಗುವ ಇನ್‌ಪುಟ್ ಶಾಫ್ಟಿನ ಸೀಲ್.

ಕ್ಲಚ್ಚೇ ಅಂತ ಖಾತ್ರಿ ಮಾಡಿಕೊಳ್ಳಲು ಸಮತಟ್ಟು ಜಾಗದಲ್ಲಿ, ಮುಂದೆ ಯಾರೂ ಇಲ್ಲದಾಗ, ಹ್ಯಾಂಡ್ ಬ್ರೇಕ್ ಎಳೆದು ಕಾಲಿನ ಬ್ರೇಕೂ ಒತ್ತಿ, ಮೂರನೇ ಗೇರ್ ಹಾಕಿ ಕ್ಲಚ್ ನಿಧಾನ ಬಿಡಿ. ಇಂಜಿನ್ ತಕ್ಷಣ ಬಂದ್ ಆಗಬೇಕು. ಕ್ಲಚ್ ಪೂರ್ತಿ ಬಿಟ್ಟರೂ ಓಡುತ್ತಲೇ ಇದ್ದರೆ ಜಾರುತ್ತಿದೆ. ಒಂದೇ ಸಲ ಮಾಡಿ, ಪದೇ ಪದೇ ಮಾಡಿದರೆ ಉಳಿದ ಲೈನಿಂಗೂ ಸುಡುತ್ತೆ. ಗೇರ್ ಬೀಳದೆ ಕರಕರ ಅಂದರೆ ಅದು ಜಾರುವ ಕಾಯಿಲೆ ಅಲ್ಲ, ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ. ಆಗ ಮೊದಲು ಕೇಬಲ್ಲೋ, ಹೈಡ್ರಾಲಿಕ್ ಆದರೆ ಕ್ಲಚ್ ಡಬ್ಬಿಯ ಆಯಿಲ್ ಮಟ್ಟವೋ ನೋಡಿ. ಪೆಡಲ್ ಒತ್ತಿದಾಗ ಮಾತ್ರ ಸದ್ದು ಬಂದರೆ ಪ್ರೆಶರ್ ಪ್ಲೇಟನ್ನು ತಳ್ಳುವ ರಿಲೀಸ್ ಬೇರಿಂಗ್ ಮೇಲೆ ಅನುಮಾನ.

ಈಗ ನಿಮ್ಮ ಪ್ರಶ್ನೆಗೆ. ಪೂರ್ತಿ ಸೆಟ್ಟೇ ಹಾಕಿಸಿ: ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್. ಜೊತೆಗೆ ಇನ್‌ಪುಟ್ ಶಾಫ್ಟಿನ ತುದಿ ಕೂರುವ ಪೈಲಟ್ ಬೇರಿಂಗ್ ಮತ್ತು ಸೀಲ್ ನೋಡಿಸಿ. ಕಂಪನಿ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ, ವ್ಯಾಲಿಯೊ ಆಗಲಿ ಲುಕ್ ಆಗಲಿ, ನಿಮ್ಮ ಮಾಡೆಲ್ಲಿನದೇ ಇರಲಿ, ಬಿಲ್ ಇರುವ ಅಸಲಿ ಮಾಲು ಇರಲಿ. ಫ್ಲೈವೀಲಿನಲ್ಲಿ ನೀಲಿ ಮಚ್ಚೆ, ಗೀರು ಕಂಡರೆ ಲೇಥಿನಲ್ಲಿ ಫೇಸಿಂಗ್ ಮಾಡಿಸಿ ಮುಖ ಸಮ ಮಾಡಿಸಬೇಕು. ಬಿರುಕು ಇದ್ದರೆ ಬದಲಿಸಲೇಬೇಕು. ಪ್ಲೇಟಿನ ಯಾವ ಮುಖ ಫ್ಲೈವೀಲ್ ಕಡೆ ಅಂತ ಸಾಮಾನ್ಯವಾಗಿ ಅದರ ಮೇಲೇ ಬರೆದಿರುತ್ತೆ, ಉಲ್ಟಾ ಆಗದಂತೆ ನೀವೂ ನಿಂತು ನೋಡಿ. ಪ್ರೆಶರ್ ಪ್ಲೇಟಿನ ಕವರ್ ಬೋಲ್ಟುಗಳನ್ನು ಎದುರುಬದುರು, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು.

ಹಾಕಿಸಿದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರ್ ಫುಲ್ ಲೋಡ್ ಬೇಡ. ಹಾಫ್ ಕ್ಲಚ್ಚಿನ ರೂಢಿಯನ್ನು, ಅಂದರೆ ಪೆಡಲ್ ಅರ್ಧ ಒತ್ತಿಕೊಂಡೇ ಇರುವುದನ್ನು, ಅವತ್ತಿನಿಂದಲೇ ಬಿಡಿ. ಅರಬೈಲ್ ಘಟ್ಟದಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡಾಗ ಬ್ರೇಕ್ ಒತ್ತದೆ ಕ್ಲಚ್ಚಿನ ಮೇಲೇ ಗಾಡಿ ಹಿಡಿದು ನಿಲ್ಲಿಸುವವರು ಬಹಳ ಜನ ಇದ್ದಾರೆ. ಹ್ಯಾಂಡ್ ಬ್ರೇಕ್ ಎಳೆದು ನ್ಯೂಟ್ರಲ್ಲಿಗೆ ಹಾಕಿ ಕಾಯಿರಿ.

ಮತ್ತೆ, ಈ ವಾರದ ಲೋಡ್ ಮುಗಿಸಿ ಗ್ಯಾರೇಜಿಗೆ ಹೋಗುತ್ತೇನೆ ಅಂತ ಬರೆದಿದ್ದೀರಿ. ಬೇಡ. ಜಾರುವ ಕ್ಲಚ್ಚಿನಲ್ಲಿ ಲೋಡ್ ಎಳೆದರೆ ಬಿಸಿಗೆ ಫ್ಲೈವೀಲೂ ಕೆಡುತ್ತೆ. ಆ ಲೋಡನ್ನು ಪರಿಚಯದ ಬೇರೆ ಗಾಡಿಗೆ ಕೊಟ್ಟುಬಿಡಿ.